2147483647 (ಸಂಖ್ಯೆ)

2,14,74,83,647 (ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷದ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು) ಹತ್ತು ಅಂಕಿಗಳ ಒಂದು ಸ್ವಾಭಾವಿಕ ಸಂಖ್ಯೆ. ಎರಡನ್ನು ಮೂವತ್ತೊಂದು ಬಾರಿ ಗುಣಿಸಿ ಬಂದ ಗುಣಲಬ್ಧದಿಂದ ಒಂದನ್ನು ಕಳೆದರೆ ದೊರೆಯುವ ಸಂಖ್ಯೆ ಇದಾಗಿರುವುದರಿಂದ 2³¹ − 1 ಎಂದು ಸಂಕ್ಷೇಪವಾಗಿ ಬರೆಯಲಾಗುತ್ತದೆ. ಇದು ಅವಿಭಾಜ್ಯ ಸಂಖ್ಯೆ. ಮರ್ಸೆನ್ ಅವಿಭಾಜ್ಯಗಳ ಸಾಲಿನಲ್ಲಿ ಎಂಟನೆಯದು. ಇದರ ಅವಿಭಾಜ್ಯತೆಯನ್ನು 1772ರಲ್ಲಿ ಲಿಯೊನಾರ್ಡ್ ಆಯ್ಲರ್ ಪ್ರಕಟಪಡಿಸಿದರು. 32 ಬಿಟ್‌ಗಳ ಚಿಹ್ನಾಸಹಿತ ಪೂರ್ಣಾಂಕವಾಗಿ ಗಣಕಯಂತ್ರಗಳು ಹಿಡಿದಿಡಬಲ್ಲ ಅತಿ ದೊಡ್ಡ ಸಂಖ್ಯೆಯೂ ಇದೇ. ಹೀಗಾಗಿ ಗಣಿತದ ಪುಸ್ತಕಗಳಿಗಿಂತ ಹೆಚ್ಚಾಗಿ ತಂತ್ರಾಂಶಗಳ ದೋಷವರದಿಗಳಲ್ಲಿ ಇದು ಇಂದು ಕಾಣಸಿಗುತ್ತದೆ.

ಸ್ವರೂಪ

ದ್ವಿಮಾನ ಪದ್ಧತಿಯಲ್ಲಿ ಈ ಸಂಖ್ಯೆಯನ್ನು ಮೂವತ್ತೊಂದು ಒಂದುಗಳನ್ನು ಸಾಲಾಗಿ ಇಟ್ಟು ಬರೆಯಲಾಗುತ್ತದೆ. ನಡುವೆ ಒಂದೂ ಸೊನ್ನೆಯಿಲ್ಲ. ದಶಮಾನ ಪದ್ಧತಿಯಲ್ಲಿ 9, 99, 999 ಇದ್ದಂತೆ ದ್ವಿಮಾನದಲ್ಲಿ ಇದು "ತುಂಬಿದ" ಸಂಖ್ಯೆ. ಇನ್ನೊಂದನ್ನು ಕೂಡಿಸಿದರೆ ಎಲ್ಲ ಸ್ಥಾನಗಳೂ ಸೊನ್ನೆಯಾಗಿ ಹೊಸದೊಂದು ಸ್ಥಾನ ತೆರೆದುಕೊಳ್ಳಬೇಕಾಗುತ್ತದೆ. ಈ ಒಂದು ಗುಣದಿಂದಲೇ ಸಂಖ್ಯೆಯ ಮುಂದಿನ ಇತಿಹಾಸವೆಲ್ಲ ಹುಟ್ಟಿಕೊಂಡಿದೆ.

ಚದುರಂಗದ ಹಾಸಿನ ಮೊದಲ ಮನೆಯಲ್ಲಿ ಒಂದು ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು ಎಂದು ಇಮ್ಮಡಿಸುತ್ತ ಹೋಗುವ ಪ್ರಸಿದ್ಧ ಕಥೆಯಲ್ಲಿಯೂ ಇದು ಬರುತ್ತದೆ. ಮೊದಲ 31 ಮನೆಗಳ ಕಾಳುಗಳ ಒಟ್ಟು ಮೊತ್ತ ಸರಿಯಾಗಿ 2,14,74,83,647. ಮೂವತ್ತೆರಡನೆಯ ಮನೆಯೊಂದರಲ್ಲೇ ಅದಕ್ಕಿಂತ ಒಂದು ಕಾಳು ಹೆಚ್ಚಿರುತ್ತದೆ. ಹನೋಯ್ ಗೋಪುರವೆಂಬ ಆಟದಲ್ಲಿ 31 ಬಿಲ್ಲೆಗಳಿದ್ದರೆ ಅವನ್ನೆಲ್ಲ ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸಲು ಬೇಕಾಗುವ ಕನಿಷ್ಠ ನಡೆಗಳ ಸಂಖ್ಯೆಯೂ ಇಷ್ಟೇ. ಸೆಕೆಂಡಿಗೊಂದು ನಡೆಯಂತೆ ಎಡೆಬಿಡದೆ ಆಡಿದರೆ 68 ವರ್ಷಗಳಾದರೂ ಆಟ ಮುಗಿದಿರುವುದಿಲ್ಲ.

ಚಿಕ್ಕದರಿಂದ ಎಣಿಸುತ್ತ ಬಂದರೆ ಇದು 10,50,97,565ನೆಯ ಅವಿಭಾಜ್ಯ. ಇದರ ಹಿಂದಿನ ಅವಿಭಾಜ್ಯ 2,14,74,83,629, ಮುಂದಿನದು 2,14,74,83,659. ಎರಡರ ಅಂತರದಲ್ಲಿರುವ ನೆರೆಯ ಸಂಖ್ಯೆಗಳಲ್ಲಿ ಒಂದು 5ರಿಂದ, ಇನ್ನೊಂದು 3ರಿಂದ ಭಾಗವಾಗುವುದರಿಂದ ಇದಕ್ಕೆ ಅವಳಿ ಅವಿಭಾಜ್ಯವಿಲ್ಲ. ಆದರೆ 2³¹ + 1 ಅನ್ನು 3ರಿಂದ ಭಾಗಿಸಿದಾಗ ದೊರೆಯುವ 71,58,27,883 ಕೂಡ ಅವಿಭಾಜ್ಯವೇ.

ಆಯ್ಲರ್‌ಗೆ ಮುನ್ನ

2ರ ಯಾವುದೋ ಘಾತದಿಂದ 1 ಕಳೆದಾಗ ದೊರೆಯುವ ಅವಿಭಾಜ್ಯಗಳನ್ನು ಫ್ರಾನ್ಸಿನ ಪಾದ್ರಿ ಹಾಗೂ ವಿದ್ವಾಂಸ ಮರೆನ್ ಮರ್ಸೆನ್ ಅವರ ಹೆಸರಿನಿಂದ ಕರೆಯಲಾಗುತ್ತದೆ. ಇಂಥ ಸಂಖ್ಯೆ ಅವಿಭಾಜ್ಯವಾಗಬೇಕಾದರೆ ಅದರ ಘಾತಸೂಚಿಯೂ ಅವಿಭಾಜ್ಯವಾಗಿರಬೇಕು. ಆದರೆ ಅಷ್ಟಿದ್ದರೆ ಸಾಲದು: 11 ಅವಿಭಾಜ್ಯವಾದರೂ 2¹¹ − 1, ಅಂದರೆ 2,047, 23 ಮತ್ತು 89ರ ಗುಣಲಬ್ಧ.

ಇಟಲಿಯ ಪಿಯೆತ್ರೊ ಕತಾಲ್ದಿ 1603ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಘಾತಸೂಚಿ 17 ಮತ್ತು 19 ಆದಾಗ ದೊರೆಯುವ ಸಂಖ್ಯೆಗಳು ಅವಿಭಾಜ್ಯಗಳೆಂದು ಭಾಗಾಕಾರ ಮಾಡಿಯೇ ತೋರಿಸಿದರು. ಅದರೊಂದಿಗೆ 23, 29, 31 ಮತ್ತು 37 ಕೂಡ ಹಾಗೆಯೇ ಎಂದು ಹೇಳಿಬಿಟ್ಟರು. 2²³ − 1 ಅನ್ನು 47 ಭಾಗಿಸುತ್ತದೆ, 2³⁷ − 1 ಅನ್ನು 223 ಭಾಗಿಸುತ್ತದೆ ಎಂದು 1640ರಲ್ಲಿ ಫರ್ಮಾ ಕಂಡುಕೊಂಡರು. 2²⁹ − 1 ಅನ್ನು 233 ಭಾಗಿಸುತ್ತದೆ ಎಂದು ಆಯ್ಲರ್ ತೋರಿಸಿದರು. ಕತಾಲ್ದಿಯವರ ನಾಲ್ಕು ಹೇಳಿಕೆಗಳಲ್ಲಿ ನಿಂತದ್ದು 31 ಮಾತ್ರ.

1644ರಲ್ಲಿ ಮರ್ಸೆನ್ ತಮ್ಮ ಪಟ್ಟಿಯನ್ನು ಮುಂದಿಟ್ಟರು. 257ರವರೆಗಿನ ಘಾತಸೂಚಿಗಳಲ್ಲಿ 2, 3, 5, 7, 13, 17, 19, 31, 67, 127 ಮತ್ತು 257 ಮಾತ್ರ ಅವಿಭಾಜ್ಯಗಳನ್ನು ಕೊಡುತ್ತವೆ ಎಂಬುದು ಅವರ ಹೇಳಿಕೆ. ಸಾಧನೆಯನ್ನೇನೂ ಅವರು ಕೊಡಲಿಲ್ಲ. ಈ ಪಟ್ಟಿಯಲ್ಲಿ ಐದು ತಪ್ಪುಗಳಿದ್ದವು: 67 ಮತ್ತು 257 ಅಲ್ಲಿರಬಾರದಿತ್ತು, 61, 89 ಮತ್ತು 107 ಬಿಟ್ಟುಹೋಗಿದ್ದವು. 31ರ ವಿಷಯದಲ್ಲಿ ಮರ್ಸೆನ್ ಹೇಳಿದ್ದು ನಿಜವಾಗಿತ್ತು, ಆದರೆ ಅದು ನಿಜವೆಂದು ಗೊತ್ತಾಗಲು ಇನ್ನೂ 128 ವರ್ಷ ಬೇಕಾಯಿತು.

ಆಯ್ಲರ್‌ರ ಸಾಧನೆ

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 2³¹ − 1ರ ವರ್ಗಮೂಲ 46,340ಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿಯವರೆಗೆ ಸುಮಾರು 4,800 ಅವಿಭಾಜ್ಯಗಳಿವೆ. ಹತ್ತು ಅಂಕಿಗಳ ಸಂಖ್ಯೆಯೊಂದನ್ನು ಕೈಯಾರೆ 4,800 ಸಲ ಭಾಗಿಸುವುದು ಅಸಾಧ್ಯವಲ್ಲದಿದ್ದರೂ ಒಂದು ತಪ್ಪೂ ಆಗದಂತೆ ಮಾಡುವುದು ಕಷ್ಟ. ಬೆರ್ನೂಲಿ ಮನೆತನದ ಗಣಿತಜ್ಞರೊಬ್ಬರಿಗೆ ಬರೆದ ಪತ್ರದಲ್ಲಿ ಈ ಫಲಿತಾಂಶವನ್ನು ತಿಳಿಸಿದ ವೇಳೆಗೆ ಆಯ್ಲರ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದರು. ಅವರ ಎರಡೂ ಕಣ್ಣುಗಳ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. ಭಾಗಾಕಾರಗಳನ್ನು ಆದಷ್ಟು ಕಡಿಮೆ ಮಾಡಬಲ್ಲ ತರ್ಕವೇ ಇಲ್ಲಿ ಮುಖ್ಯವಾಗುತ್ತದೆ. ಇಂದಿನ ಪರಿಭಾಷೆಯಲ್ಲಿ ಅದನ್ನು ಹೀಗೆ ವಿವರಿಸಬಹುದು.

ಪ ಎಂಬ ಅವಿಭಾಜ್ಯ ಸಂಖ್ಯೆಯು 2³¹ − 1 ಅನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂದು ಭಾವಿಸೋಣ. ಆಗ 2³¹ ಅನ್ನು ಪ ಯಿಂದ ಭಾಗಿಸಿದರೆ ಶೇಷ 1. ಹೀಗೆ 1 ಶೇಷ ಕೊಡುವ 2ರ ಘಾತಗಳ ಘಾತಸೂಚಿಗಳೆಲ್ಲವೂ ಅವುಗಳಲ್ಲಿ ಅತ್ಯಂತ ಚಿಕ್ಕದಾದ ಘಾತಸೂಚಿಯ ಅಪವರ್ತ್ಯಗಳಾಗಿರುತ್ತವೆ. 31 ಅವಿಭಾಜ್ಯವಾದ್ದರಿಂದ ಆ ಚಿಕ್ಕ ಘಾತಸೂಚಿ 1 ಅಥವಾ 31 ಆಗಿರಬೇಕು. 1 ಆಗಲು ಸಾಧ್ಯವಿಲ್ಲ, ಆದ್ದರಿಂದ ಅದು 31. ಫರ್ಮಾರ ಕಿರು ಪ್ರಮೇಯದ ಪ್ರಕಾರ ಘಾತಸೂಚಿ ಪ − 1 ಆದಾಗಲೂ ಶೇಷ 1 ಬರುತ್ತದೆ. ಆದುದರಿಂದ ಪ − 1 ಎಂಬುದು 31ರ ಅಪವರ್ತ್ಯ. ಪ ಬೆಸ ಸಂಖ್ಯೆಯಾದ್ದರಿಂದ ಪ − 1 ಸಮಸಂಖ್ಯೆ. ಎರಡನ್ನೂ ಸೇರಿಸಿದರೆ, ಪ ಯನ್ನು 62ರಿಂದ ಭಾಗಿಸಿದಾಗ 1 ಉಳಿಯಲೇಬೇಕು.

ಇದು ಮೊದಲ ಜರಡಿ. ಎರಡನೆಯದು ಇನ್ನೂ ಚಿಕ್ಕದು. 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಎಂಬುದು 2¹⁶ರ ವರ್ಗ. ಅಂದರೆ ಒಂದು ಪೂರ್ಣ ವರ್ಗವನ್ನು ಪ ಯಿಂದ ಭಾಗಿಸಿದಾಗ 2 ಶೇಷ ಉಳಿದಂತಾಯಿತು. ಪ ಯನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯುವಂತಿದ್ದರೆ ಮಾತ್ರ ಹೀಗಾಗುತ್ತದೆ ಎಂಬುದು ಸಂಖ್ಯಾಸಿದ್ಧಾಂತದ ಪ್ರಸಿದ್ಧ ಫಲಿತಾಂಶ.

ಎರಡೂ ಜರಡಿಗಳಲ್ಲಿ ಉಳಿಯುವ ಸಂಖ್ಯೆಗಳನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಬರುತ್ತದೆ. 63ರ ನಂತರ 46,340ರವರೆಗೆ ಅಂಥವು 372 ಮಾತ್ರ ಇವೆ. ಅವುಗಳಲ್ಲಿಯೂ 249 (3 × 83), 497 (7 × 71), 559 (13 × 43) ಮೊದಲಾದ ಸಂಯುಕ್ತ ಸಂಖ್ಯೆಗಳನ್ನು ಬಿಡಬಹುದು. ಉಳಿಯುವ ಅವಿಭಾಜ್ಯಗಳು 311, 1,303, 1,489 ಎಂದು ಮುಂದುವರಿಯುತ್ತವೆ. ಇವು ನೂರಕ್ಕಿಂತ ಕಡಿಮೆ. ಇವುಗಳಲ್ಲಿ ಯಾವುದೂ 2³¹ − 1 ಅನ್ನು ಭಾಗಿಸುವುದಿಲ್ಲ. ಆದ್ದರಿಂದ ಅದು ಅವಿಭಾಜ್ಯ.

ಇದೇ ತರ್ಕವನ್ನು ಕತಾಲ್ದಿಯವರ ಉಳಿದ ಮೂರು ಸಂಖ್ಯೆಗಳಿಗೆ ಅನ್ವಯಿಸಿದರೆ ಅವು ಎಷ್ಟು ಬೇಗ ಬಿದ್ದುಹೋಗುತ್ತವೆ ಎಂಬುದು ಗಮನಾರ್ಹ. ಘಾತಸೂಚಿ 23 ಆದಾಗ ಭಾಜಕವು 46ರ ಅಪವರ್ತ್ಯಕ್ಕಿಂತ 1 ಹೆಚ್ಚಿರಬೇಕು. ಮೊದಲ ಪ್ರಯತ್ನವಾದ 47 ಕೂಡಲೇ ಭಾಗಿಸುತ್ತದೆ.

19ನೆಯ ಶತಮಾನದಲ್ಲಿ ಎದುವಾರ್ ಲೂಕಾ ರೂಪಿಸಿ, ಮುಂದೆ ಡಿ. ಎಚ್. ಲೆಹ್ಮರ್ ಸರಳಗೊಳಿಸಿದ ಪರೀಕ್ಷೆಯಲ್ಲಿ ಭಾಜಕಗಳನ್ನು ಹುಡುಕುವ ಅಗತ್ಯವೇ ಇಲ್ಲ. 4ರಿಂದ ಆರಂಭಿಸಿ, ಪ್ರತಿ ಸಲವೂ ವರ್ಗ ಮಾಡಿ 2 ಕಳೆದು, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಬಂದ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. 2⁵ − 1, ಅಂದರೆ 31ಕ್ಕೆ ಹೀಗೆ ಮಾಡಿದರೆ 4, 14, 8, 0 ಎಂಬ ಸರಣಿ ಬರುತ್ತದೆ. ಕೊನೆಗೆ ಸೊನ್ನೆ ಬಂದುದರಿಂದ 31 ಅವಿಭಾಜ್ಯ. 2³¹ − 1ಕ್ಕೆ 29 ಹೆಜ್ಜೆಗಳಲ್ಲಿ ಸೊನ್ನೆ ಬರುತ್ತದೆ.

ಬಾರ್ಲೋ ಅವರ ಭವಿಷ್ಯವಾಣಿ

19ನೆಯ ಶತಮಾನದ ನಡುಭಾಗದವರೆಗೂ ಇದೇ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯವಾಗಿತ್ತು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆಯನ್ನು ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. 6 ಮತ್ತು 28 ಇದಕ್ಕೆ ಉದಾಹರಣೆಗಳು. ಪ್ರತಿಯೊಂದು ಮರ್ಸೆನ್ ಅವಿಭಾಜ್ಯವೂ ಒಂದು ಪರಿಪೂರ್ಣ ಸಂಖ್ಯೆಯನ್ನು ಕೊಡುತ್ತದೆ ಎಂದು ಯೂಕ್ಲಿಡ್ ತೋರಿಸಿದ್ದರು. ಅದರಂತೆ 2³⁰ ಮತ್ತು 2³¹ − 1ರ ಗುಣಲಬ್ಧವಾದ 2305843008139952128 ಎಂಟನೆಯ ಪರಿಪೂರ್ಣ ಸಂಖ್ಯೆ.

ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೋ 1811ರಲ್ಲಿ ಪ್ರಕಟಿಸಿದ ಸಂಖ್ಯಾಸಿದ್ಧಾಂತದ ಗ್ರಂಥದಲ್ಲಿ ಈ ಪರಿಪೂರ್ಣ ಸಂಖ್ಯೆಯನ್ನು ಪ್ರಸ್ತಾಪಿಸಿ, ಇದಕ್ಕಿಂತ ದೊಡ್ಡದು ಎಂದಿಗೂ ಪತ್ತೆಯಾಗಲಾರದು ಎಂದು ಅಭಿಪ್ರಾಯಪಟ್ಟರು. ಇಂಥ ಸಂಖ್ಯೆಗಳು ಕುತೂಹಲದ ವಸ್ತುಗಳೇ ಹೊರತು ಉಪಯುಕ್ತವಲ್ಲ, ಆದುದರಿಂದ ಇದರಾಚೆಗೆ ಹುಡುಕುವ ಶ್ರಮವನ್ನು ಯಾರೂ ಕೈಗೊಳ್ಳಲಾರರು ಎಂಬುದು ಅವರು ಕೊಟ್ಟ ಕಾರಣ. ಅಂದಿನ ಲೆಕ್ಕದ ಸಾಧನಗಳನ್ನು ನೆನೆದರೆ ಈ ಮಾತು ತೀರ ಅವಿವೇಕದ್ದೇನಲ್ಲ. ಆದರೆ 1876ರಲ್ಲಿ ಲೂಕಾ 39 ಅಂಕಿಗಳ 2¹²⁷ − 1 ಅವಿಭಾಜ್ಯವೆಂದು ಸಾಧಿಸಿದರು. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ, ಘಾತಸೂಚಿ 13,62,79,841 ಇರುವ ಮರ್ಸೆನ್ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. ಬಾರ್ಲೋ ಅವರ ಎರಡನೆಯ ಮಾತು, ಅಂದರೆ ಉಪಯೋಗವಿಲ್ಲ ಎಂಬುದು, 2³¹ − 1ರ ವಿಷಯದಲ್ಲಿ ಇನ್ನೂ ಹೆಚ್ಚು ಸುಳ್ಳಾಯಿತು.

ಇಮ್ಮಡಿ ಮರ್ಸೆನ್ ಸಂಖ್ಯೆ

ಈ ಸಂಖ್ಯೆಯ ಘಾತಸೂಚಿಯಾದ 31 ಕೂಡ 2⁵ − 1 ಎಂಬ ಮರ್ಸೆನ್ ಅವಿಭಾಜ್ಯ. ಹೀಗೆ ಘಾತಸೂಚಿಯೂ ಮರ್ಸೆನ್ ಅವಿಭಾಜ್ಯವಾಗಿರುವ ಮರ್ಸೆನ್ ಅವಿಭಾಜ್ಯಗಳು ಇದುವರೆಗೆ ನಾಲ್ಕು ಮಾತ್ರ ತಿಳಿದಿವೆ: 7, 127, 2³¹ − 1 ಮತ್ತು 2¹²⁷ − 1. 2³¹ − 1 ಅನ್ನೇ ಘಾತಸೂಚಿಯಾಗಿ ಇಟ್ಟು ಇನ್ನೊಂದು ಮರ್ಸೆನ್ ಸಂಖ್ಯೆಯನ್ನು ರಚಿಸಿದರೆ ಅದರಲ್ಲಿ 64 ಕೋಟಿಗೂ ಹೆಚ್ಚು ಅಂಕಿಗಳಿರುತ್ತವೆ. ಅದು ಅವಿಭಾಜ್ಯವಲ್ಲ, 295257526626031 ಅದನ್ನು ಭಾಗಿಸುತ್ತದೆ. ಈ ಭಾಜಕದಿಂದ 1 ಕಳೆದರೆ ಉಳಿಯುವುದು 2³¹ − 1ರ 1,37,490 ಪಟ್ಟು. ಆಯ್ಲರ್‌ರ ಮೊದಲ ಜರಡಿಯ ನಿಯಮ ಇಲ್ಲಿಯೂ ತಪ್ಪಿಲ್ಲ.

ಯಾದೃಚ್ಛಿಕ ಸಂಖ್ಯೆಗಳ ಉತ್ಪಾದನೆ

ಗಣಕದಲ್ಲಿ ಯಾದೃಚ್ಛಿಕವಾಗಿ ತೋರುವ ಸಂಖ್ಯೆಗಳನ್ನು ಪಡೆಯುವ ಹಳೆಯ ಹಾಗೂ ಸರಳ ವಿಧಾನಗಳಲ್ಲೊಂದು ಈ ಅವಿಭಾಜ್ಯವನ್ನು ಅವಲಂಬಿಸಿದೆ. ಕೈಯಲ್ಲಿರುವ ಸಂಖ್ಯೆಯನ್ನು 16,807ರಿಂದ (7⁵) ಗುಣಿಸಿ, 2³¹ − 1ರಿಂದ ಭಾಗಿಸಿ, ಶೇಷವನ್ನು ಮುಂದಿನ ಸಂಖ್ಯೆಯಾಗಿ ತೆಗೆದುಕೊಳ್ಳಲಾಗುತ್ತದೆ. 1ರಿಂದ ಆರಂಭಿಸಿದರೆ 16,807, 28,24,75,249, 1,62,26,50,073 ಎಂದು ಸರಣಿ ಸಾಗುತ್ತದೆ. ಸ್ಟೀಫನ್ ಪಾರ್ಕ್ ಮತ್ತು ಕೀತ್ ಮಿಲ್ಲರ್ 1988ರಲ್ಲಿ ಇದನ್ನು ಕನಿಷ್ಠ ಮಾನದಂಡವಾಗಿ ಶಿಫಾರಸು ಮಾಡಿದರು. ತಂತ್ರಾಂಶವನ್ನು ಸರಿಯಾಗಿ ಬರೆಯಲಾಗಿದೆಯೇ ಎಂದು ಪರೀಕ್ಷಿಸಲು ಅವರು ಕೊಟ್ಟ ಗುರುತು, 1ರಿಂದ ಆರಂಭಿಸಿದಾಗ ಹತ್ತು ಸಾವಿರದ ಹೆಜ್ಜೆಯಲ್ಲಿ ಬರಬೇಕಾದ 1,04,36,18,065.

ಭಾಜಕವು ಅವಿಭಾಜ್ಯವಾಗಿದ್ದು ಗುಣಕವು ಸರಿಯಾಗಿ ಆಯ್ಕೆಯಾಗಿರುವುದರಿಂದ ಈ ಸರಣಿ 1ರಿಂದ 2,14,74,83,646ರವರೆಗಿನ ಎಲ್ಲ ಸಂಖ್ಯೆಗಳನ್ನೂ ಒಂದೊಂದೇ ಸಲ ಮುಟ್ಟಿದ ಬಳಿಕವೇ ಆರಂಭಕ್ಕೆ ಮರಳುತ್ತದೆ. 2³¹ರ ಶೇಷ 1 ಆಗಿರುವುದರಿಂದ ದ್ವಿಮಾನದಲ್ಲಿ ಮೇಲಿನ ಭಾಗವನ್ನು ಕೆಳಗಿನ ಭಾಗಕ್ಕೆ ಕೂಡಿಸಿದರೆ ಸಾಕು, ನಿಜವಾದ ಭಾಗಾಕಾರ ಬೇಕಿಲ್ಲ ಎಂಬುದು ಇನ್ನೊಂದು ಅನುಕೂಲ. ಗುಪ್ತಲಿಪಿಗೆ ಮಾತ್ರ ಇದು ತಕ್ಕುದಲ್ಲ. ಒಂದು ಸಂಖ್ಯೆ ತಿಳಿದರೆ ಮುಂದಿನವನ್ನೆಲ್ಲ ಊಹಿಸಬಹುದು.

ಗಣಕದ ಮಿತಿಯಾಗಿ

32 ಬಿಟ್‌ಗಳಲ್ಲಿ ಪೂರ್ಣಾಂಕವನ್ನು ಇರಿಸುವಾಗ ಸಾಮಾನ್ಯವಾಗಿ ತುದಿಯ ಒಂದು ಬಿಟ್ ಧನ ಅಥವಾ ಋಣ ಚಿಹ್ನೆಯನ್ನು ಸೂಚಿಸುತ್ತದೆ. ಉಳಿದ 31 ಬಿಟ್‌ಗಳೂ ಒಂದಾಗಿದ್ದರೆ ಅದೇ 2,14,74,83,647. ಅದಕ್ಕೆ ಒಂದನ್ನು ಕೂಡಿಸಿದರೆ ಒಯ್ಲು ಚಿಹ್ನೆಯ ಬಿಟ್‌ಗೆ ಹೋಗಿ, ಹೆಚ್ಚಿನ ಯಂತ್ರಗಳಲ್ಲಿ ಉತ್ತರ −2,14,74,83,648 ಎಂದು ಬರುತ್ತದೆ. ವಾಹನದ ದೂರಮಾಪಕ ಎಲ್ಲ ಒಂಬತ್ತುಗಳ ನಂತರ ಸೊನ್ನೆಗೆ ಮರಳಿದಂತೆ ಇದು, ಆದರೆ ಇಲ್ಲಿ ಮರಳುವುದು ಸೊನ್ನೆಗಲ್ಲ, ಋಣ ಸಂಖ್ಯೆಗಳ ಕೊನೆಯ ತುದಿಗೆ.

ಕಾರ್ಯಕ್ರಮ ಬರೆಯಲು ಕಲಿಯುವ ವಿದ್ಯಾರ್ಥಿಗಳು ಈ ಮಿತಿಯನ್ನು ಬೇಗನೆ ಎದುರಿಸುತ್ತಾರೆ. 12ರ ಕ್ರಮಗುಣಿತ (47,90,01,600) ಇದರೊಳಗೆ ಹಿಡಿಸುತ್ತದೆ, 13ರದು ಹಿಡಿಸುವುದಿಲ್ಲ. 46,340ರ ವರ್ಗ ಸರಿಯಾಗಿ ಬರುತ್ತದೆ, 46,341ರದು ಬರುವುದಿಲ್ಲ. ಹಣವನ್ನು ಪೈಸೆಗಳಲ್ಲಿ ಎಣಿಸಿದರೆ 2,14,74,836 ರೂಪಾಯಿ 47 ಪೈಸೆಗೆ ಲೆಕ್ಕ ನಿಲ್ಲುತ್ತದೆ. ಭಾರತದ ಹತ್ತು ಅಂಕಿಯ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಆರಂಭವಾಗುವುದರಿಂದ ಒಂದೂ ಈ ಮಿತಿಯೊಳಗೆ ಬರುವುದಿಲ್ಲ. ಅವನ್ನು 32 ಬಿಟ್ ಪೂರ್ಣಾಂಕವಾಗಿ ಉಳಿಸಲು ಹೊರಟರೆ ಕೆಲವು ದತ್ತಸಂಚಯಗಳು ತಪ್ಪೆಂದು ಹೇಳದೆ ಎಲ್ಲರ ಸಂಖ್ಯೆಯನ್ನೂ 2147483647 ಎಂದೇ ಬರೆದಿಡುತ್ತವೆ. ಮೈಎಸ್‌ಕ್ಯೂಎಲ್ ತಂತ್ರಾಂಶವು ಕಟ್ಟುನಿಟ್ಟಿಲ್ಲದ ಸ್ಥಿತಿಯಲ್ಲಿ ಹೀಗೆ ನಡೆದುಕೊಳ್ಳುತ್ತದೆ.

2014ರ ಡಿಸೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಗಾಯಕ ಸೈ ಅವರ "ಗಂಗ್ನಮ್ ಸ್ಟೈಲ್" ಹಾಡಿನ ವೀಕ್ಷಣೆಗಳು ಈ ಸಂಖ್ಯೆಯನ್ನು ದಾಟಿದ್ದನ್ನು ಯೂಟ್ಯೂಬ್ ಪ್ರಕಟಿಸಿತು. ಎಣಿಕೆಯನ್ನು ಅದು ಮುಂಚಿತವಾಗಿಯೇ 64 ಬಿಟ್‌ಗೆ ಬದಲಾಯಿಸಿಕೊಂಡಿತ್ತು. ಬೋಯಿಂಗ್ 787 ವಿಮಾನದ ಪ್ರಕರಣ ಇದಕ್ಕಿಂತ ಗಂಭೀರವಾದುದು. ಅದರ ವಿದ್ಯುಜ್ಜನಕ ನಿಯಂತ್ರಣ ಘಟಕಗಳು 248 ದಿನ ಎಡೆಬಿಡದೆ ಚಾಲನೆಯಲ್ಲಿದ್ದರೆ ಒಳಗಿನ ಗಣನೆ ಉಕ್ಕಿ ಸ್ಥಗಿತಗೊಳ್ಳಬಹುದೆಂದು 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಎಚ್ಚರಿಸಿ, ಅದಕ್ಕೆ ಮೊದಲೇ ವಿದ್ಯುತ್ತನ್ನು ಪೂರ್ತಿ ಕಡಿತಗೊಳಿಸಿ ಮತ್ತೆ ಆರಂಭಿಸುವಂತೆ ಆದೇಶಿಸಿತು. ಸೆಕೆಂಡಿನ ನೂರರಲ್ಲೊಂದು ಭಾಗವನ್ನು ಒಂದೊಂದಾಗಿ ಎಣಿಸುತ್ತ ಹೋದರೆ 2,14,74,83,647 ತಲುಪಲು 248.55 ದಿನ ಬೇಕು. ಆಯ್ಲರ್‌ರ ಜರಡಿಯಲ್ಲಿ ಬರುವ 248ಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಕಾಕತಾಳೀಯ ಮಾತ್ರ.

2038ರ ಸಮಸ್ಯೆ

ಯುನಿಕ್ಸ್ ಮಾದರಿಯ ಗಣಕ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರ ಆರಂಭದಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತವೆ. ಈ ಎಣಿಕೆಯನ್ನು 32 ಬಿಟ್ ಚಿಹ್ನಾಸಹಿತ ಪೂರ್ಣಾಂಕದಲ್ಲಿ ಇಟ್ಟಿರುವ ಕಡೆಗಳಲ್ಲಿ ಅದು 68 ವರ್ಷ 18 ದಿನ 3 ಗಂಟೆ 14 ನಿಮಿಷ 7 ಸೆಕೆಂಡುಗಳಿಗೆ ತುಂಬುತ್ತದೆ. ಆ ಕ್ಷಣ 2038ರ ಜನವರಿ 19, ಮಂಗಳವಾರ; ಭಾರತೀಯ ಕಾಲಮಾನದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಮುಂದಿನ ಸೆಕೆಂಡಿನಲ್ಲಿ ಅಂಥ ವ್ಯವಸ್ಥೆಗಳ ದಿನಾಂಕ 1901ರ ಡಿಸೆಂಬರ್ 13ಕ್ಕೆ ಹಿಂದೆ ಸರಿಯುತ್ತದೆ.

ಸಮಸ್ಯೆ ಎದುರಾಗಲು ಆ ದಿನವೇ ಬರಬೇಕೆಂದಿಲ್ಲ. 2019ರಲ್ಲಿ 20 ವರ್ಷಗಳ ಅವಧಿಗೆ ಪಡೆದ ಗೃಹಸಾಲದ ಕೊನೆಯ ಕಂತು 2039ಕ್ಕೆ ಬರುತ್ತದೆ. ಭವಿಷ್ಯದ ದಿನಾಂಕಗಳನ್ನು ಲೆಕ್ಕ ಹಾಕುವ ಯಾವುದೇ ಹಳೆಯ ತಂತ್ರಾಂಶ ಈ ಮಿತಿಯನ್ನು ಮೊದಲೇ ಮುಟ್ಟಬಲ್ಲದು. ಇಂದಿನ ಹೆಚ್ಚಿನ ಗಣಕಗಳೂ ದೂರವಾಣಿಗಳೂ 64 ಬಿಟ್ ಎಣಿಕೆಗೆ ಬದಲಾಗಿವೆ. 32 ಬಿಟ್ ಯಂತ್ರಗಳಲ್ಲಿಯೂ 64 ಬಿಟ್ ಕಾಲಗಣನೆಗೆ ಲಿನಕ್ಸ್ ತಿರುಳಿನ 5.6ನೆಯ ಆವೃತ್ತಿ 2020ರಲ್ಲಿ ಅವಕಾಶ ಒದಗಿಸಿತು. ಒಮ್ಮೆ ಅಳವಡಿಸಿದ ಮೇಲೆ ಮತ್ತೆ ಯಾರೂ ಮುಟ್ಟದ ಕೈಗಾರಿಕಾ ನಿಯಂತ್ರಕಗಳು, ಮಾಪಕಗಳು ಮೊದಲಾದವುಗಳಲ್ಲಿ ಬದಲಾವಣೆ ಕಷ್ಟ.

64 ಬಿಟ್‌ಗಳಲ್ಲಿ ಸೆಕೆಂಡುಗಳ ಎಣಿಕೆ ತುಂಬಲು ಸುಮಾರು 29,200 ಕೋಟಿ ವರ್ಷಗಳು ಬೇಕು. ಅಲ್ಲಿನ ಮಿತಿಯಾದ 2⁶³ − 1, ಅಂದರೆ 9223372036854775807, ಅವಿಭಾಜ್ಯವಲ್ಲ. ಅದನ್ನು 7 ಭಾಗಿಸುತ್ತದೆ. 16 ಬಿಟ್‌ಗಳ ಮಿತಿಯಾದ 32,767 ಕೂಡ 7, 31 ಮತ್ತು 151ರ ಗುಣಲಬ್ಧ. 8, 32 ಮತ್ತು 128 ಬಿಟ್‌ಗಳ ಮಿತಿಗಳಾದ 127, 2³¹ − 1 ಮತ್ತು 2¹²⁷ − 1 ಮಾತ್ರ ಅವಿಭಾಜ್ಯಗಳು. ಮೇಲೆ ಹೇಳಿದ ನಾಲ್ಕು ಇಮ್ಮಡಿ ಮರ್ಸೆನ್ ಅವಿಭಾಜ್ಯಗಳಲ್ಲಿ ಮೂರು ಇವೇ.